ಪಿಟೀಲು ಕೊಡಿಸಿದ ಸೀಟು

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಮೈಸೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ ನ್ಯೂಜೆರ್ಸಿಯಲ್ಲಿ ಶುಕ್ರವಾರ ರಾತ್ರಿ ಎಂಟೂವರೆ. ಪರದೆಯ ಆ ಕಡೆ ಹದಿನೇಳರ ಹುಡುಗಿಯೊಬ್ಬಳು ಚಾಪೆ ಹಾಸಿಕೊಂಡು, ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರಿ ಕೂತಿರುತ್ತಿದ್ದಳು. ಈ ಕಡೆ ನಾನೂ ಹಾಗೇ. ಇಬ್ಬರೂ ಒಟ್ಟಿಗೆ ನುಡಿಸುವಂತಿಲ್ಲ. ಧ್ವನಿ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ತಾಳ ತಪ್ಪಿರುತ್ತದೆ. ನಾನು ನುಡಿಸಿ ನಿಲ್ಲಿಸಬೇಕು, ಆಮೇಲೆ ಅವಳು ನುಡಿಸಬೇಕು. ಮೊದಮೊದಲು ಇನ್ನೊಂದು ತಮಾಷೆಯೂ ಆಗುತ್ತಿತ್ತು. ಅವಳು ಷಡ್ಜವನ್ನು ಉದ್ದಕ್ಕೆ ಎಳೆದು ಹಿಡಿದರೆ ಝೂಮ್ ಅದನ್ನು ಫ್ಯಾನಿನ ಸದ್ದು ಎಂದುಕೊಂಡು ನುಂಗಿಬಿಡುತ್ತಿತ್ತು. ಕಮಾನು ಓಡುತ್ತಿದೆ, ಸದ್ದೇ ಇಲ್ಲ. ಸೆಟ್ಟಿಂಗಿನಲ್ಲಿ 'ಒರಿಜಿನಲ್ ಸೌಂಡ್' ಎಂಬುದೊಂದನ್ನು ಒತ್ತಬೇಕು ಎಂದು ತಿಳಿಯಲು ನಮಗೆ ಎರಡು ವಾರ ಬೇಕಾಯಿತು.

ನಾನು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ಫೆಲೋಶಿಪ್ ಮುಗಿದಿದೆ, ಥೀಸಿಸ್ ಮುಗಿದಿಲ್ಲ. ಈ ಎರಡರ ನಡುವಿನ ಬಾಡಿಗೆಯನ್ನು ವಾರದ ಐದು ಪಿಟೀಲು ಪಾಠಗಳು ಕಟ್ಟುತ್ತವೆ.

ಕಳೆದ ವರ್ಷ ಆಗಸ್ಟಿನ ಒಂದು ಶನಿವಾರ ಪಾಠ ಮುಗಿದು ಹುಡುಗಿ ಎದ್ದು ಹೋದ ಮೇಲೆ ಅವಳ ಅಮ್ಮ ಬಂದು ಚಾಪೆಯ ಮೇಲೆ ಕೂತರು. ಹಾಸನದ ಕಡೆಯವರು, ಇಪ್ಪತ್ತು ವರ್ಷದಿಂದ ಅಲ್ಲಿದ್ದಾರೆ. "ಮೇಡಂ, ಒಂದು ವಿಷಯ ಕೇಳ್ಬೇಕಿತ್ತು, ಬೇಜಾರು ಮಾಡ್ಕೋಬೇಡಿ. ಈ ವಯಲಿನ್ನು ಕಾಲೇಜ್ ಅಡ್ಮಿಶನ್‌ಗೆ ಏನಾದ್ರೂ ಹೆಲ್ಪ್ ಆಗುತ್ತಾ? ಆಗಲ್ಲ ಅಂದ್ರೆ ಆ ಟೈಮಲ್ಲಿ ಅವಳು ಬೇರೇನಾದ್ರೂ ಮಾಡ್ಬಹುದು."

ನನಗೆ ಬೇಜಾರಾಯಿತು. ಸಂಗೀತ ಇರುವುದು ಅದಕ್ಕಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾವ ಮೇಷ್ಟ್ರಾದರೂ ಹೇಳುವ ಮಾತು ಅದು, ಹೇಳಿದರೆ ಚೆನ್ನಾಗಿಯೂ ಕೇಳುತ್ತದೆ. ಆದರೆ ಹೇಳಲಿಲ್ಲ. "ಮುಂದಿನ ವಾರ ಹೇಳ್ತೀನಿ, ಸ್ವಲ್ಪ ವಿಚಾರಿಸಿ" ಎಂದು ಲ್ಯಾಪ್‌ಟಾಪ್ ಮುಚ್ಚಿದೆ. ಯಾಕೆಂದರೆ ನಾನು ಡಿಗ್ರಿ ಓದಿದ್ದು ಪಿಟೀಲಿನಿಂದಲೇ. ಆ ಅಮ್ಮ ಕೇಳಿದ ಪ್ರಶ್ನೆಯನ್ನು ಹತ್ತು ವರ್ಷದ ಹಿಂದೆ ನನ್ನ ಅಪ್ಪನೂ ಕೇಳಿದ್ದರು. ಅವರು ಕೇಳಿದಾಗ ನನಗೆ ಬೇಜಾರಾಗಿರಲಿಲ್ಲ, ಭಯವಾಗಿತ್ತು.

*

ನಮ್ಮೂರು ತಿ. ನರಸೀಪುರದ ಹತ್ತಿರ. ಪಿಟೀಲು ಚೌಡಯ್ಯನವರು ಹುಟ್ಟಿದ ತಿರುಮಕೂಡಲು ಅಲ್ಲೇ, ಹೊಳೆಯ ಪಕ್ಕ. 1895ರಲ್ಲಿ ಹುಟ್ಟಿದವರು. ಮೈಕುಗಳಿಲ್ಲದ ಕಾಲದಲ್ಲಿ ಕಡೆಯ ಸಾಲಿನವರಿಗೂ ಕೇಳಲಿ ಎಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿದವರು, ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದವರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ. ನಮ್ಮ ಕಡೆ ಮಕ್ಕಳಿಗೆ ಪಿಟೀಲು ಕಲಿಸಬೇಕು ಎಂದು ಯಾರಿಗಾದರೂ ಅನ್ನಿಸಿದರೆ ಕಾರಣ ಹುಡುಕಬೇಕಾಗಿಲ್ಲ.

ಅಪ್ಪ ಸಹಕಾರ ಸಂಘದಲ್ಲಿ ಗುಮಾಸ್ತರು. ಒಬ್ಬರು ನಿವೃತ್ತ ಮೇಷ್ಟ್ರು ಸಂಜೆ ಹೊತ್ತು ಮನೆಯಲ್ಲೇ ಪಾಠ ಹೇಳುತ್ತಿದ್ದರು. ಅಪ್ಪ ಅವರಿಂದಲೇ ಹಳೆಯ ಪಿಟೀಲೊಂದನ್ನು ಕಂತಿನಲ್ಲಿ ಕೊಂಡರು. ಅದರ ಬಿರಡೆ ಮಳೆಗಾಲದಲ್ಲಿ ಹಿಗ್ಗಿ ಕಚ್ಚಿಕೊಳ್ಳುತ್ತಿತ್ತು, ಬೇಸಿಗೆಯಲ್ಲಿ ಸಡಿಲವಾಗಿ ಜಾರುತ್ತಿತ್ತು. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ ಎಂದು ಸಾಗಿ ಎಂಟನೇ ತರಗತಿಯ ಹೊತ್ತಿಗೆ ವರ್ಣಕ್ಕೆ ಬಂದಿದ್ದೆ. ಮೇಷ್ಟ್ರ ಮನೆಯ ನಡುಮನೆಯಲ್ಲಿ ಕೂತು ಕಲಿಯಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. ಅಡ್ಡಿ ಇಲ್ಲದಿರುವುದೂ ಒಂದು ಅರ್ಹತೆ ಎಂದು ಆಗ ಗೊತ್ತಿರಲಿಲ್ಲ. ಹೈಸ್ಕೂಲು ಮುಗಿಯುವ ಮುಂಚೆ ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟಿ ಡಿಸ್ಟಿಂಕ್ಷನ್ನಿನಲ್ಲಿ ಪಾಸಾದೆ. ಅಪ್ಪ ಆ ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸಿದರು.

2015ರಲ್ಲಿ ಪಿಯುಸಿ ಮುಗಿಯಿತು. ಅಪ್ಪ ಆ ಲ್ಯಾಮಿನೇಶನ್ ಮಾಡಿಸಿದ ಹಾಳೆಯನ್ನು ಬೀರುವಿನಿಂದ ತೆಗೆದು, "ಇದರಿಂದ ಎಲ್ಲಾದರೂ ಉಪಯೋಗ ಆಗ್ತದಾ?" ಎಂದು ಕೇಳಿದರು. ಸಿಇಟಿಯಲ್ಲಿ ಎನ್‌ಸಿಸಿಯವರಿಗೆ, ಕ್ರೀಡಾಪಟುಗಳಿಗೆ, ಸೈನಿಕರ ಮಕ್ಕಳಿಗೆ, ಸ್ಕೌಟ್ಸ್ ಗೈಡ್ಸಿನವರಿಗೆ ವಿಶೇಷ ವರ್ಗದ ಸೀಟುಗಳಿವೆ. ಸಂಗೀತಕ್ಕೆ ಇಲ್ಲ. ಅಪ್ಪ ಆ ಪುಸ್ತಿಕೆಯನ್ನು ಎರಡು ಸಲ ಓದಿದರು, ಮೊದಲ ಸಲ ಎಲ್ಲೋ ಬಿಟ್ಟು ಓದಿರಬಹುದು ಎಂಬಂತೆ.

ಆಮೇಲೆ ಯಾರೋ ಹೇಳಿದರು: ಐದು ಗಂಟೆ ಬಸ್ಸಿನ ದಾರಿಯ ಊರಿನಲ್ಲಿ ಒಂದು ದೊಡ್ಡ ಖಾಸಗಿ ಕಾಲೇಜಿದೆ, ಹಾಡುವ, ಕುಣಿಯುವ, ನುಡಿಸುವ ಮಕ್ಕಳಿಗೆ 'ಕಲ್ಚರಲ್ ಕೋಟಾ'ದಲ್ಲಿ ಸೀಟು ಕೊಡುತ್ತಾರೆ, ಫೀಸೂ ಇಲ್ಲ, ಹಾಸ್ಟೆಲ್ಲೂ ಉಚಿತ. ಮೇಷ್ಟ್ರ ಹತ್ತಿರ ಒಂದು ಪತ್ರ ಬರೆಸಿಕೊಂಡು ಹೊರಟೆವು. ಪತ್ರದಲ್ಲಿ ನನ್ನ ಹೆಸರು, ಕಲಿತ ವರ್ಷಗಳು, ಕೊನೆಗೆ ಒಂದು ವಾಕ್ಯ: ಈ ಹುಡುಗಿ ಶ್ರುತಿ ತಪ್ಪಿದರೆ ತಾನೇ ನಿಲ್ಲಿಸುತ್ತಾಳೆ. ಅಷ್ಟೇ. ಬಸ್ಸಿನಲ್ಲಿ ಅಪ್ಪ ಅದನ್ನು ಓದಿ, "ಇನ್ನು ಸ್ವಲ್ಪ ಹೊಗಳಬಹುದಿತ್ತು" ಎಂದರು.

ಆಯ್ಕೆಯ ದಿನ ಕಾಲೇಜಿನ ಸಭಾಂಗಣದ ಹೊರಗೆ ಐವತ್ತು ಅರವತ್ತು ಮಕ್ಕಳು. ನನ್ನ ಮುಂದೆ ಕೊಳ್ಳೇಗಾಲದ ಕಡೆಯ ಹುಡುಗನೊಬ್ಬ ತಮಟೆ ಹಿಡಿದು ನಿಂತಿದ್ದ. ಮಳೆಗಾಲವಾದ್ದರಿಂದ ಚರ್ಮ ಸಡಿಲವಾಗಿತ್ತು. ಕ್ಯಾಂಟೀನಿನ ಹಿಂದೆ ಹೋಗಿ ಒಲೆಯವರನ್ನು ಕೇಳಿ ಕಾಯಿಸಿಕೊಂಡು ಬಂದಿದ್ದ. ಅವನು ಒಳಗೆ ಹೋಗಿ ಬಾರಿಸಲು ಶುರುಮಾಡಿದಾಗ ಹೊರಗಿದ್ದ ನಾವೆಲ್ಲ ಮಾತು ನಿಲ್ಲಿಸಿದೆವು. ಅಷ್ಟು ಹೊತ್ತೂ ಬಿಗಿದುಕೊಂಡು ಕೂತಿದ್ದ ನನ್ನ ಅಪ್ಪನ ಪಾದ ನೆಲ ತಟ್ಟುತ್ತಿತ್ತು.

ಬಾಗಿಲು ಅರ್ಧ ತೆರೆದಿತ್ತು, ಮಾತು ಕೇಳುತ್ತಿತ್ತು. "ಸರ್ಟಿಫಿಕೇಟ್ ಏನಿದೆ?" ಅವನ ಹತ್ತಿರ ಇರಲಿಲ್ಲ. ತಮಟೆಗೆ ಜೂನಿಯರ್ ಪರೀಕ್ಷೆ ಇಲ್ಲ. "ಚೆನ್ನಾಗಿದೆ ಕಣಪ್ಪ. ಆದರೆ ಇದು ಶಾಸ್ತ್ರೀಯ ಅಲ್ಲವಲ್ಲ. ಜಾನಪದ ತಂಡಕ್ಕೆ ಬೇಕಾದರೆ ಹಾಕಿಕೊಳ್ಳೋಣ." ತಂಡಕ್ಕೆ ಸೇರುವವರಿಗೆ ಫೀಸಿನಲ್ಲಿ ಒಂದಿಷ್ಟು ರಿಯಾಯಿತಿ, ಹಾಸ್ಟೆಲ್ ಇಲ್ಲ.

ಆಮೇಲೆ ನಾನು ಹೋದೆ. ಮೋಹನ ರಾಗದ ವರ್ಣ ನುಡಿಸಿದೆ. ಭಯಕ್ಕೆ ಎರಡನೇ ಕಾಲದಲ್ಲಿ ಒಂದು ಕಡೆ ಬೆರಳು ಜಾರಿತು. ಮೂವರಲ್ಲಿ ಒಬ್ಬರು, "ಡಾ. ರಾಜ್ ಹಾಡು ಯಾವುದಾದರೂ ಬರ್ತದೇನಮ್ಮ?" ಎಂದರು. ಬರುತ್ತಿತ್ತು. ನುಡಿಸಿದೆ. ಅವರು ತಲೆದೂಗಿದರು. ಬಿಎ ಸೀಟು, ಹಾಸ್ಟೆಲ್ ಎರಡೂ ಸಿಕ್ಕವು. ಮೇಷ್ಟ್ರ ಪತ್ರವನ್ನು ಯಾರೂ ಕೇಳಲಿಲ್ಲ.

*

ವಿಶ್ವವಿದ್ಯಾಲಯಗಳ ಯುವಜನೋತ್ಸವಗಳಲ್ಲಿ 'ಶಾಸ್ತ್ರೀಯ ವಾದ್ಯ, ತಾಳೇತರ' ಎಂದೊಂದು ಸ್ಪರ್ಧೆ ಇರುತ್ತದೆ. ಮೂರು ವರ್ಷ ನಾನು ಆ ಕಾಲೇಜಿನ 'ತಾಳೇತರ' ಆಗಿದ್ದೆ. ಸ್ಪರ್ಧೆಯಿದ್ದಾಗ ಕಾಲೇಜಿಗೆ ಅಂಕ ತರಬೇಕು. ಸ್ಪರ್ಧೆ ಇಲ್ಲದ ದಿನ ಅತಿಥಿಗಳು ಬರುತ್ತಿದ್ದರು. ಅವರು ಕಾರಿನಿಂದ ಇಳಿದು ವೇದಿಕೆಯ ತನಕ ನಡೆದು ಬರುವಷ್ಟು ಹೊತ್ತು ನುಡಿಸಬೇಕು. ನಡೆಯುವುದು ತಡವಾದರೆ ಅದೇ ಪಲ್ಲವಿಯನ್ನು ತಿರುಗಿಸಿ ತಿರುಗಿಸಿ ನುಡಿಸಬೇಕು. ಬೇಗ ಬಂದುಬಿಟ್ಟರೆ ಎಲ್ಲಿದ್ದೆವೋ ಅಲ್ಲಿಗೇ ನಿಲ್ಲಿಸಬೇಕು. ಆಡಳಿತ ಮಂಡಳಿಯವರ ಮನೆಯ ಮದುವೆಯಲ್ಲಿ ಊಟದ ಹಾಲಿನ ಮೂಲೆಯಲ್ಲೂ ನುಡಿಸಿದ್ದೇನೆ. ಒಂದು ಸಲ ಇಂಟರ್ನಲ್ಸ್ ಪರೀಕ್ಷೆ ಇದೆ ಎಂದಾಗ, "ನೀನು ಇಲ್ಲಿರೋದು ಯಾತಕ್ಕಮ್ಮ?" ಎಂದು ಕೇಳಿದ್ದರು. ಗದರಿಸಿ ಕೇಳಿದ್ದಲ್ಲ, ನಿಜವಾಗಿಯೂ ನೆನಪಿಸುವ ಧ್ವನಿಯಲ್ಲೇ ಕೇಳಿದ್ದು.

ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಆ ಸೀಟು ಇಲ್ಲದಿದ್ದರೆ ನಾನು ಊರಿನಲ್ಲೇ ಉಳಿಯುತ್ತಿದ್ದೆ, ಬಹುಶಃ ಈ ಹೊತ್ತಿಗೆ ನನ್ನ ಮದುವೆಯ ಹಾಲಿನ ಮೂಲೆಯಲ್ಲಿ ಬೇರೆ ಯಾರೋ ನುಡಿಸಿಯಾಗಿರುತ್ತಿತ್ತು. ಅಲ್ಲಿನ ಲೈಬ್ರರಿಯಲ್ಲೇ ನಾನು ಸಮಾಜಶಾಸ್ತ್ರವನ್ನು ಮನಸ್ಸಿಟ್ಟು ಓದಿದ್ದು. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೂ ಹೇಳುವ 'ಸಾಂಸ್ಕೃತಿಕ ಬಂಡವಾಳ' ಎಂಬ ಮಾತು ಮೊದಲು ಕಂಡದ್ದೂ ಅಲ್ಲಿಯೇ. ದುಡ್ಡಿನ ಹಾಗೆಯೇ ಅಭಿರುಚಿಯನ್ನೂ ಮನೆತನಗಳು ಕೂಡಿಟ್ಟು ಮಕ್ಕಳಿಗೆ ದಾಟಿಸುತ್ತವೆ, ಶಾಲೆ ಕಾಲೇಜುಗಳು ಅದನ್ನು ಪ್ರತಿಭೆ ಎಂದು ಕರೆದು ಬೆಲೆ ಕೊಡುತ್ತವೆ ಎಂಬುದು ಅವನ ವಾದ. ಓದುತ್ತಿದ್ದಾಗ ನೆನಪಾದದ್ದು ಅರ್ಧ ತೆರೆದಿದ್ದ ಆ ಬಾಗಿಲು.

ತಮಟೆಯ ಹುಡುಗ ಜಾನಪದ ತಂಡಕ್ಕೆ ಸೇರಿದ. ಊರಿನವರೊಬ್ಬರ ರೂಮಿನಲ್ಲಿ ಮೂರು ಜನರ ಜೊತೆ ಇದ್ದ. ತಂಡ ಬಹುಮಾನ ತಂದಾಗ ಫೋಟೋದ ಮುಂದಿನ ಸಾಲಿನಲ್ಲಿ ಅವನನ್ನೇ ನಿಲ್ಲಿಸುತ್ತಿದ್ದರು. ಎರಡನೇ ವರ್ಷದ ನಡುವೆ ಫೀಸಿನ ಉಳಿದ ಕಂತು ಕಟ್ಟಲಾಗದೆ ಬಿಟ್ಟು ಹೋದ. ಆ ವಾರ ನಾನು ಯಾವುದೋ ಅತಿಥಿಗಾಗಿ ನುಡಿಸುತ್ತಿದ್ದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಯಲ್ಲಿ ಚಿತ್ರ ನೋಡಿ ತುಂಬ ಹೊತ್ತು ಕೂತಿದ್ದೆ. ದೇಶ ತಮಟೆಯನ್ನು ಗುರುತಿಸಿತು. ಒಂದು ಅಡ್ಮಿಶನ್ ಫಾರ್ಮಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

2018ರಲ್ಲಿ ಡಿಗ್ರಿ ಮುಗಿದ ದಿನ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟೆ. ನಾಲ್ಕು ವರ್ಷ ತೆಗೆಯಲಿಲ್ಲ. ಸಾಲ ತೀರಿದ ಮೇಲೆ ಸಾಲಗಾರನ ಬೀದಿಯಲ್ಲಿ ನಡೆಯಲು ಮನಸ್ಸಾಗದ ಹಾಗೆ. ಮತ್ತೆ ತೆಗೆದದ್ದೂ ಪ್ರೀತಿಯಿಂದಲ್ಲ. ಪರಿಚಯದವರೊಬ್ಬರು ಅಮೆರಿಕದಲ್ಲಿರುವ ತಮ್ಮ ಸಂಬಂಧಿಕರ ಮಗಳಿಗೆ ಆನ್‌ಲೈನ್ ಪಾಠ ಹೇಳುತ್ತೀಯಾ ಎಂದು ಕೇಳಿದರು. ನನಗೆ ದುಡ್ಡು ಬೇಕಿತ್ತು. ನಾಲ್ಕೂ ತಂತಿ ತುಕ್ಕು ಹಿಡಿದಿದ್ದವು.

*

ಹಾಗಾಗಿ ಆ ವಾರ ನಿಜವಾಗಿಯೂ ವಿಚಾರಿಸಿದೆ. ಥೀಸಿಸ್ ಬರೆಯುವುದನ್ನು ತಪ್ಪಿಸಿಕೊಳ್ಳಲು ಸಂಶೋಧನಾ ವಿದ್ಯಾರ್ಥಿಗೆ ಇನ್ನೊಂದು ಸಂಶೋಧನೆಗಿಂತ ಒಳ್ಳೆಯ ನೆಪ ಬೇರೆ ಇಲ್ಲ.

ವಾದ್ಯ ನುಡಿಸಿದರೆ ಸೀಟು ಸಿಗುತ್ತದೆಯೇ ಎಂಬುದಕ್ಕೆ ಉತ್ತರ, ನಾವು ಯಾವ ಬಾಗಿಲ ಮುಂದೆ ನಿಂತಿದ್ದೇವೆ ಎಂಬುದರ ಮೇಲೆ ನಿಂತಿದೆ. ನಮ್ಮಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ, ಮೆಡಿಕಲ್ಲಿಗೆ ನೀಟ್. ಅಲ್ಲಿ ಪಿಟೀಲಿನ ಪೆಟ್ಟಿಗೆಯನ್ನು ಹೊರಗೆ ಬಿಟ್ಟು ಬರಬೇಕು. ಐಐಟಿ ಮದ್ರಾಸ್ 2025–26ರಿಂದ ಲಲಿತಕಲೆ ಮತ್ತು ಸಂಸ್ಕೃತಿಯ ಸಾಧಕರಿಗೆ ಪ್ರತಿ ಬಿ.ಟೆಕ್ ಕೋರ್ಸಿನಲ್ಲಿ ಎರಡು ಹೆಚ್ಚುವರಿ ಸೀಟು ತೆರೆದಿದೆ. ಅದಕ್ಕೂ ಮೊದಲು ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು. ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಪಠ್ಯೇತರ ಚಟುವಟಿಕೆಗಳ ಕೋಟಾ ಇದೆ. ಅಲ್ಲಿ ಸಿಯುಇಟಿ ಅಂಕಕ್ಕೆ ಶೇ. 25, ಪ್ರಮಾಣಪತ್ರ ಮತ್ತು ಪ್ರದರ್ಶನಕ್ಕೆ ಶೇ. 75ರಷ್ಟು ತೂಕ. ಕೇರಳದಲ್ಲಿ ಶಾಲಾ ಕಲೋತ್ಸವದಲ್ಲಿ ಒಳ್ಳೆಯ ಗ್ರೇಡ್ ಪಡೆದವರಿಗೆ ಪರೀಕ್ಷೆಯಲ್ಲಿ ಗ್ರೇಸ್ ಅಂಕ ಕೊಡುವ ಪದ್ಧತಿಯಿದೆ. ಬ್ರಿಟನ್ನಿನಲ್ಲಿ ಪಾಶ್ಚಾತ್ಯ ಸಂಗೀತದ 6, 7, 8ನೇ ಗ್ರೇಡಿನ ಪರೀಕ್ಷೆಗಳಿಗೆ ಕಾಲೇಜು ಪ್ರವೇಶದ ಪಾಯಿಂಟುಗಳಿವೆ, ಎಲ್ಲ ವಿಶ್ವವಿದ್ಯಾಲಯಗಳೂ ಅವನ್ನು ಎಣಿಸುವುದಿಲ್ಲ.

ನ್ಯೂಜೆರ್ಸಿಯ ಹುಡುಗಿ ನಿಂತಿದ್ದ ಬಾಗಿಲು ಬೇರೆ. ಅಲ್ಲಿ ನೂರಾರು ಕಾಲೇಜುಗಳಿಗೆ 'ಕಾಮನ್ ಆಪ್' ಎಂಬ ಒಂದೇ ಅರ್ಜಿ. ಓದಿನ ಹೊರಗೆ ಏನೇನು ಮಾಡಿದ್ದೀಯಾ ಎಂದು ಬರೆಯಲು ಹತ್ತು ಸಾಲು, ಸಾಲಿಗೆ 150 ಅಕ್ಷರಗಳ ವಿವರಣೆ. ಆರನೇ ವಯಸ್ಸಿನಿಂದ ಹನ್ನೊಂದು ವರ್ಷ ಕಲಿತದ್ದಕ್ಕೆ 150 ಅಕ್ಷರ. ಕೆಲವು ಕಾಲೇಜುಗಳು ಇದರ ಮೇಲೆ ಸಂಗೀತದ ರೆಕಾರ್ಡಿಂಗನ್ನೂ ಗುರುಗಳ ಪತ್ರವನ್ನೂ ತೆಗೆದುಕೊಳ್ಳುತ್ತವೆ. ಹಾರ್ವರ್ಡ್ ಮೇಲೆ 2014ರಲ್ಲಿ ಹೂಡಿದ ಮೊಕದ್ದಮೆಯ ವಿಚಾರಣೆ 2018ರಲ್ಲಿ ನಡೆದಾಗ ಅಲ್ಲಿನವರು ಅರ್ಜಿಗಳನ್ನು ಅಳೆಯುವ ಬಗೆ ಹೊರಗೆ ಬಂತು. ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಎಂದು ಒಂದೊಂದಕ್ಕೂ 1ರಿಂದ 6ರ ತನಕ ಅಂಕ, 1 ಅತ್ಯುತ್ತಮ. ಅಂದರೆ ವಾದ್ಯಕ್ಕೆ ಜಾಗವಿದೆ. ಆದರೆ ಶಾಲೆಯ ಮಟ್ಟಿಗೆ ಚೆನ್ನಾಗಿ ನುಡಿಸುವವರು ಸಾವಿರಾರು ಜನ. ಅದರಲ್ಲೂ ಭಾರತ, ಚೀನಾ, ಕೊರಿಯಾ ಮೂಲದ ಮನೆಗಳಲ್ಲಿ ಪಿಟೀಲು, ಪಿಯಾನೋ ಇಲ್ಲದ ಮಗು ಅಪರೂಪ ಎಂಬಷ್ಟು. "ಬಸೂನ್ ಅಂತ ಒಂದು ವಾದ್ಯ ಇದೆಯಂತೆ ಮೇಡಂ, ಅದನ್ನ ನುಡಿಸೋರು ಕಮ್ಮಿಯಂತೆ, ಕಾಲೇಜಿನ ಆರ್ಕೆಸ್ಟ್ರಾದವರು ಹುಡುಕ್ತಾ ಇರ್ತಾರಂತೆ" ಎಂದು ಆಕೆ ಹೇಳಿದಾಗ ನಗು ಬಂತು. ಆಮೇಲೆ ನಗು ನಿಂತಿತು. ಅಪರೂಪದ ವಾದ್ಯಕ್ಕೆ ಅಲ್ಲಿ ಬೆಲೆ. ಇಲ್ಲಿ ಆ ಸಭಾಂಗಣದ ಮುಂದೆ ಪಿಟೀಲು, ತಬಲಾ ಹಿಡಿದವರು ಹತ್ತಾರು ಮಂದಿ ಇದ್ದೆವು, ತಮಟೆ ಒಂದೇ ಇತ್ತು.

ಇನ್ನು, ವಾದ್ಯ ಕಲಿತರೆ ಬುದ್ಧಿ ಚುರುಕಾಗಿ ಅಂಕ ಬರುತ್ತದೆ ಎಂಬ ಮಾತು. 1993ರಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಚಿಕ್ಕ ಗುಂಪಿಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿದಾಗ ಒಂದು ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಹೊತ್ತು ಅವರ ಅಂಕ ಏರಿತ್ತು. ಅಷ್ಟರಿಂದಲೇ 'ಮೊಜಾರ್ಟ್ ಪರಿಣಾಮ' ಹುಟ್ಟಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಸಿಡಿ ಕೊಡಲು ಹಣ ಕೇಳಿದ್ದರು. ಇದಕ್ಕಿಂತ ಗಟ್ಟಿಯಾದದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಅಧ್ಯಯನ. 2019ರಲ್ಲಿ ಪ್ರಕಟವಾದದ್ದು, 1,10,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ನೋಡಿ ಮಾಡಿದ್ದು. ಶಾಲೆಯಲ್ಲಿ ವಾದ್ಯ ಕಲಿತವರ ಗಣಿತ, ವಿಜ್ಞಾನ, ಇಂಗ್ಲಿಷ್ ಅಂಕಗಳು ಕಲಿಯದವರಿಗಿಂತ ಮೇಲಿದ್ದವು. ಆದರೆ ಮರುವರ್ಷವೇ ಜೊವಾನಿ ಸಾಲಾ, ಫೆರ್ನಾಂಡ್ ಗೊಬೆ ಎಂಬ ಇಬ್ಬರು 54 ಅಧ್ಯಯನಗಳನ್ನು, ಸುಮಾರು 7,000 ಮಕ್ಕಳ ಫಲಿತಾಂಶಗಳನ್ನು ಒಟ್ಟಿಗಿಟ್ಟು ತೂಗಿದರು. ಪ್ರಯೋಗವನ್ನು ಬಿಗಿಯಾಗಿ ಮಾಡಿದಲ್ಲೆಲ್ಲ ಸಂಗೀತದಿಂದ ಬುದ್ಧಿಗೋ ಅಂಕಕ್ಕೋ ಆದ ಲಾಭ ಸೊನ್ನೆಯ ಹತ್ತಿರ ಬಂದಿತ್ತು. ಎರಡೂ ನಿಜವಿರಬಹುದು. ಪಿಟೀಲು ಕಲಿಸುವ ಮನೆಯಲ್ಲಿ ಪುಸ್ತಕವೂ ಇರುತ್ತದೆ, ಸಂಜೆ ಕೂತು ಓದಿಸುವವರೂ ಇರುತ್ತಾರೆ. ಅಂಕ ತಂದವರು ಯಾರು ಎಂದು ಪಿಟೀಲಿನ ಸರ್ಟಿಫಿಕೇಟ್ ಹೇಳುವುದಿಲ್ಲ.

ಮುಂದಿನ ಶನಿವಾರ ಆ ಅಮ್ಮನಿಗೆ ಇದನ್ನೆಲ್ಲ ಚಿಕ್ಕದಾಗಿ ಹೇಳಿದೆ. "ಅಂದ್ರೆ ಸ್ವಲ್ಪ ಆಗುತ್ತೆ" ಎಂದರು. ಹೌದು, ಸ್ವಲ್ಪ ಆಗಬಹುದು ಎಂದೆ. "ಸರಿ ಮೇಡಂ, ಹಾಗಾದ್ರೆ ರೆಕಾರ್ಡಿಂಗ್ ಮಾಡಿಸಿಬಿಡಿ. ಲೆಟರ್ ನೀವೇ ಬರ್ಕೊಡಿ."

*

ಅಕ್ಟೋಬರಿನಲ್ಲಿ ರೆಕಾರ್ಡಿಂಗ್. ಅವಳು ಆರಿಸಿಕೊಂಡದ್ದೂ ಮೋಹನದ ವರ್ಣವನ್ನೇ, ನಾನು ಹೇಳಿಕೊಟ್ಟದ್ದಲ್ಲ. ಹದಿನಾಲ್ಕನೇ ಸಲ ನುಡಿಸುತ್ತಿದ್ದಾಗ ಎರಡನೇ ಕಾಲದಲ್ಲಿ ತಟ್ಟನೆ ನಿಲ್ಲಿಸಿದಳು. ನನಗೆ ತಪ್ಪೇನೂ ಕೇಳಿಸಿರಲಿಲ್ಲ. "ಗಾಂಧಾರ ಸ್ವಲ್ಪ ಕೆಳಗಿತ್ತು ಅಕ್ಕ" ಎಂದಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಅಕ್ಕ, ಇದು ಕಳಿಸಿದ್ಮೇಲೆ ನಾನು ವಯಲಿನ್ ಮುಟ್ಟಲ್ಲ. ಅಮ್ಮಂಗೆ ಹೇಳ್ಬೇಡಿ."

"ನಾನೂ ಹಾಗೇ ಮಾಡಿದ್ದೆ" ಎಂದೆ.

"ಎಷ್ಟು ದಿನ?"

"ನಾಲ್ಕು ವರ್ಷ."

ಅವಳ ಮುಖದಲ್ಲಿ ಕಂಡದ್ದು ಸಮಾಧಾನವೋ ಗಾಬರಿಯೋ ನನಗೆ ತಿಳಿಯಲಿಲ್ಲ. ಪಿಟೀಲು ಎತ್ತಿಕೊಂಡು ಹದಿನೈದನೇ ಸಲ ನುಡಿಸಿದಳು.

ಪತ್ರ ಬರೆಯಲು ಕೂತಾಗ ಮೊದಲು ಬರೆದದ್ದು ಇಂಥ ಪತ್ರಗಳಲ್ಲಿ ಇರುವ ಮಾತುಗಳನ್ನೇ: ಅಸಾಧಾರಣ ಪ್ರತಿಭೆ, ಸಂಗೀತವೇ ಅವಳ ಉಸಿರು. ಉಸಿರಲ್ಲ ಎಂದು ನನಗೆ ಗೊತ್ತಿತ್ತು. ಸುಳ್ಳು ಬರೆದರೆ ಯಾರಿಗೂ ನಷ್ಟವಿಲ್ಲ, ಎಲ್ಲರೂ ಬರೆಯುತ್ತಾರೆ, ಓದುವವರಿಗೂ ಗೊತ್ತಿರುತ್ತದೆ. ಎರಡು ದಿನ ಹಾಗೇ ಬಿಟ್ಟೆ. ಅವಳು ಬಿಡುತ್ತಾಳೆ ಎಂಬುದನ್ನು ಬರೆಯಬೇಕಾಗಿಲ್ಲ, ಬಿಡುವುದಿಲ್ಲ ಎಂದಂತೂ ಬರೆಯುವಂತಿಲ್ಲ. ಕೊನೆಗೆ ಎಲ್ಲವನ್ನೂ ಅಳಿಸಿ, ಎಷ್ಟು ವರ್ಷ ಕಲಿತಳು, ಏನು ಕಲಿತಳು, ಹದಿನಾಲ್ಕನೇ ಸಲ ಏನಾಯಿತು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಪಾಠ ಹೇಳುವ ನನಗೇ ಕೇಳಿಸದ ತಪ್ಪಿಗೆ ಅವಳು ನಿಲ್ಲಿಸಿದಳು. ಬರೆದು ಮುಗಿಸಿ ಓದಿದಾಗ ತಿಳಿಯಿತು, ನಾನು ಮೇಷ್ಟ್ರ ಒಂದು ವಾಕ್ಯವನ್ನೇ ಒಂದು ಪುಟ ಮಾಡಿದ್ದೆ. ಅಪ್ಪ ಇನ್ನಷ್ಟು ಹೊಗಳಬಹುದಿತ್ತು ಎಂದಿದ್ದ ಆ ವಾಕ್ಯದಲ್ಲಿ ಹೊಗಳಿಕೆಯೆಲ್ಲ ಇತ್ತು.

ಮಾರ್ಚ್ ಕೊನೆಯಲ್ಲಿ ಫಲಿತಾಂಶ ಬಂತು. ರೆಕಾರ್ಡಿಂಗ್ ಕಳಿಸಿದ್ದ ಎರಡು ಕಾಲೇಜುಗಳು ಬೇಡ ಎಂದವು. ಸೀಟು ಸಿಕ್ಕಿದ್ದು ರೆಕಾರ್ಡಿಂಗ್ ಕಳಿಸಿರದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ಜೀವಶಾಸ್ತ್ರಕ್ಕೆ. ಹಾಗೆಂದು ಪಿಟೀಲು ಉಪಯೋಗಕ್ಕೆ ಬರಲಿಲ್ಲ ಎನ್ನಲಾಗದು. ಅರ್ಜಿಯ ಆ 150 ಅಕ್ಷರ ಯಾರ ಕಣ್ಣಿಗೆ ಹೇಗೆ ಕಂಡಿತೋ. ಬಂತು ಎನ್ನಲೂ ಆಗದು. ಹುಡುಗಿ ಖುಷಿಯಾಗಿದ್ದಾಳೆ. ಹೇಳಿದ ಹಾಗೆ ಜನವರಿಯಿಂದ ಪಿಟೀಲು ಮುಟ್ಟಿಲ್ಲ.

ಇದನ್ನು ಬರೆಯುವ ಮುಂಚೆ ಕೊಳ್ಳೇಗಾಲದ ಗೆಳೆಯನಿಗೆ ಫೋನ್ ಮಾಡಿದೆ. ಅವನು ಆಮೇಲೆ ತನ್ನ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ, ಈಗ ಒಂದು ಕಚೇರಿಯಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುತ್ತಾನೆ. ಹಬ್ಬಕ್ಕೆ, ಜಾತ್ರೆಗೆ, ಊರಿನ ಮಕ್ಕಳಿಗೆ ಕಲಿಸಲು ಈಗಲೂ ತಮಟೆ ಹಿಡಿಯುತ್ತಾನಂತೆ. ಆ ದಿನದ ಬಗ್ಗೆ ಬರೆಯಬಹುದೇ ಎಂದು ಕೇಳಿದೆ. "ಬರಿ, ಹೆಸ್ರು ಹಾಕ್ಬೇಡ" ಎಂದ. ನಿನ್ನನ್ನು ಅವರು ತೆಗೆದುಕೊಳ್ಳಬೇಕಿತ್ತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ, ಬೇಕಿತ್ತು" ಎಂದ. ಆಮೇಲೆ ನಕ್ಕು, "ಹೋಗ್ಲಿ ಬಿಡು. ತಮಟೆ ನಂಗೇನೂ ಕೊಡ್ಲಿಲ್ಲ, ನಾನೂ ಅದಕ್ಕೆ ಏನೂ ಬಾಕಿ ಇಲ್ಲ" ಎಂದ. ಈ ಮಾತನ್ನು ಚೆಂದದ ಮಾತು ಎಂದು ಎತ್ತಿಟ್ಟುಕೊಳ್ಳಲು ನನಗೆ ಹೆದರಿಕೆ. ಅವನಿಗೆ ಸಿಗಬೇಕಾಗಿದ್ದ ಸೀಟಿನ ಬದಲಿಗೆ ಅವನ ಹತ್ತಿರ ಉಳಿದಿರುವುದು ಆ ಮಾತು. ನನ್ನ ಹತ್ತಿರ ಸೀಟೂ ಇತ್ತು, ಬಾಕಿಯೂ ಇತ್ತು.

ಕಳೆದ ವಾರ ಆ ಅಮ್ಮ ಮತ್ತೆ ಮೆಸೇಜು ಮಾಡಿದ್ದರು. ಮಗನಿಗೆ ಒಂಬತ್ತು ತುಂಬಿದೆ. ಅಕ್ಕ ನುಡಿಸುವುದನ್ನು ನೋಡಿ ನೋಡಿ ಅವನೂ ಕಲಿಯುತ್ತೇನೆ ಎನ್ನುತ್ತಿದ್ದಾನೆ. 'ಮುಂದೆ ಅಡ್ಮಿಶನ್‌ಗೆ ವಯಲಿನ್ನಾ, ಮೃದಂಗಾನಾ, ಯಾವುದು ಒಳ್ಳೇದು ಮೇಡಂ?'

ಈ ಸಲ ಬೇಜಾರಾಗಲಿಲ್ಲ. ನನ್ನ ಅಪ್ಪ ಕೇಳಬಹುದಾದದ್ದನ್ನು ಅವರು ಕೇಳಬಾರದು ಎನ್ನಲು ನಾನು ಯಾರು? ಹೀಗೆ ಬರೆದೆ: 'ಯಾವುದಾದರೂ ಸರಿ. ನೆರವಾದರೂ ಆಗಬಹುದು. ಆದರೆ ಆದ ನೆರವಿನ ಲೆಕ್ಕವನ್ನು ಆಮೇಲೆ ಅವನೊಬ್ಬನೇ ತೀರಿಸಬೇಕಾಗುತ್ತದೆ. ಹಾಗಾಗಿ ಬೇಡ ಅನ್ನಿಸಿದ ದಿನ ಬಿಡಬಹುದು ಎಂದು ಅವನಿಗೆ ಈಗಲೇ ಹೇಳಿಬಿಡಿ. ಅಕ್ಕನಿಗೂ ಹೇಳಿ.'

ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ 'ಸರಿ ಮೇಡಂ, ಇಬ್ಬರಿಗೂ ಹೇಳಿದೆ' ಎಂದು ಬಂತು. ಹುಡುಗ ಬರುವ ಶನಿವಾರ ಆರು ಗಂಟೆಗೆ ಕೂರುತ್ತಾನೆ. ಅಕ್ಕನ ಪಿಟೀಲು ಅವನಿಗೆ ದೊಡ್ಡದಾಗುತ್ತದೆ. ಅರ್ಧ ಅಳತೆಯದೊಂದನ್ನು ಅಂಗಡಿಯಿಂದ ತಿಂಗಳ ಬಾಡಿಗೆಗೆ ತಂದಿದ್ದಾರಂತೆ.